ಎಡಗಾಲಿನ ಒತ್ತು

ಅವರ ಎಡಗಾಲಿನ ಬೂಟು ಯಾವಾಗಲೂ ಬಲಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು, ಅದೂ ಹೆಬ್ಬೆರಳಿನ ಕೆಳಗೆ. ಬೀದರದಿಂದ ಭಾಲ್ಕಿಗೆ ಬರುವ ಬಸ್ಸು ಜೋರು ಹಿಡಿದರೆ ಸಾಕು, ಸೀಟಿನಲ್ಲಿ ಕೂತ ವಿಜ್ಞಾನ ಮಾಸ್ತರರ ಎಡಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಹರೆಯದಲ್ಲಿ ಹೈದರಾಬಾದಿನಲ್ಲಿ ಸಣ್ಣ ವಿಮಾನ ಹಾರಿಸಲು ಕಲಿತವರು ಅವರು. ಒಬ್ಬರೇ ಹಾರಿದ್ದು ಒಂದೇ ಸಲ. ಆಮೇಲೆ ಒಂದು ಕಣ್ಣು ಮಂಜಾಯಿತು. ವಿಮಾನ ಬಿಟ್ಟು ಶಾಲೆಗೆ ಬಂದರು.

ನಾನು ಭಾಲ್ಕಿಯ ಶಾಲೆಗೆ ಕನ್ನಡ ಕಲಿಸಲು ಹೋದದ್ದು ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ. ನನಗಾಗ ಇಪ್ಪತ್ತೆರಡು. ಮಾಸ್ತರರು ಔರಾದ ಕಡೆಯ ಠಾಣಾ ಕುಶನೂರಿನವರು. ಮನೆಮಾತು ಕನ್ನಡವೇ, ಆದರೆ ನಿಜಾಮರ ಕಾಲದಲ್ಲಿ ಓದಿದ್ದೆಲ್ಲ ಉರ್ದು. ಕನ್ನಡದ ಒಂದಕ್ಷರ ಬರೆಯಲು ಬಾರದು. ಇನ್ನು ಕನ್ನಡದಲ್ಲೇ ಪಾಠ ಮಾಡಬೇಕು, ಸಾಹೇಬರೊಬ್ಬರು ಬಂದು ಪರೀಕ್ಷಿಸುತ್ತಾರೆ, ಒಪ್ಪಿಗೆಯಾಗದಿದ್ದರೆ ನೌಕರಿ ಉಳಿಯುವುದು ಕಷ್ಟ ಎಂದು ಎಲ್ಲರೂ ಹೇಳುತ್ತಿದ್ದರು. ಹೆಡ್ಮಾಸ್ತರರು ಅವರಿಗೆ ಅಕ್ಷರ ಕಲಿಸುವ ಕೆಲಸವನ್ನು ನನಗೆ ಹಚ್ಚಿದರು.

ಶಾಲೆ ಬಿಟ್ಟ ಮೇಲೆ ವಿಜ್ಞಾನದ ಕೋಣೆಯಲ್ಲಿ ನಮ್ಮ ಪಾಠ. ನಲವತ್ತು ದಾಟಿದ ಆ ಮನುಷ್ಯ ಹುಡುಗರು ಕಾಣದಂತೆ ಕಿಟಕಿಗೆ ಬೆನ್ನು ಮಾಡಿ ಅಕ್ಷರ ತಿದ್ದುತ್ತಿದ್ದರು. ಮೊದಮೊದಲು ಕೈ ಉರ್ದುವಿನ ರೂಢಿಯಂತೆ ಬಲದಿಂದಲೇ ಹೊರಡುತ್ತಿತ್ತು. ಒತ್ತಕ್ಷರ ಬಂತೆಂದರೆ ಬೆವರುತ್ತಿದ್ದರು.

"ಮಾತಾಡೋ ಮುಂದ ಈ ಒತ್ತು ಎಲ್ಲಿರ್ತಾವ್ರಿ ಟೀಚರಬಾಯಿ? ಬರಿಯೋ ಮುಂದ ಬಂದು ಕಾಲಿಗಿ ಬೀಳ್ತಾವ!"

ಒಂದು ದಿನ, ಪುಸ್ತಕ ಬಿಟ್ಟು ನಿಮಗೆ ಗೊತ್ತಿದ್ದುದನ್ನು ಬರೆಯಿರಿ ಅಂದೆ. ಅವರು ಬರೆದರು: "ಇಮಾನ ಏಳೋ ಮುಂದ ಬಲಕ ಎಳಿತದ. ಎಡಗಾಲು ಒತಬೇಕು." ತಿದ್ದುವುದು ಆಮೇಲಿರಲಿ, ಹಾಗೇಕೆ ಎಂದು ಕೇಳಿದೆ. ಅವರು ಮಸಿಕುಡಿಕೆಯನ್ನು ನನ್ನ ಕೈಗಿತ್ತರು.

"ಮುಚ್ಚಳ ಒಂದು ಕಡಿ ತಿರುವ್ರಿ. ಕುಡಿಕಿ ಉಲ್ಟಾ ತಿರಗ್ಲಿಕ್ಕಿ ನೋಡ್ತದಿಲ್ಲ? ಹಂಗೇ ಮಷೀನು ಪಂಖಾಕ್ಕ ಎಡಕ್ಕ ತಿರುವಿದ್ರ, ಪಂಖಾ ಇಮಾನಕ್ಕ ಬಲಕ್ಕ ತಿರುವ್ತದ. ಸುಮ್ಮ ಬಿಡಂಗಿಲ್ರಿ ಅದು."

ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಕಾಲ ಕೆಳಗೆ ವಿಮಾನದ ಪೆಡಲುಗಳೆಂದು ಎರಡು ಇಟ್ಟಿಗೆ, ಮುಂದೆ ಹಿಡಿಯಲು ನನ್ನದೇ ಛತ್ರಿ ಕೊಟ್ಟರು. ತಾವೇ ಎಂಜಿನ್ನಾಗಿ ಗುಡುಗಿದರು. ಛತ್ರಿ ಹಿಂದಕ್ಕೆಳೆದರೆ ಮೂಗು ಮೇಲೆ, ಪಕ್ಕಕ್ಕೆ ವಾಲಿಸಿದರೆ ರೆಕ್ಕೆ ಕೆಳಗೆ. "ಎಡಗಾಲ್ರಿ! ಒತ್ರಿ! ಅಷ್ಟಲ್ಲ, ಹೊಲದಾಗ ಹೋಗಿ ಬಿದ್ರಿ!" ನಗುತ್ತ ನಗುತ್ತ ನಾನು ಮೂರು ಸಲ ಬಿದ್ದೆ.

ಸಾಹೇಬರು ಬಂದರು, ಮೈಸೂರು ಕಡೆಯವರು. ಕೊನೆಯ ಬೆಂಚಿನಲ್ಲಿ ಅವರು, ಹೆಡ್ಮಾಸ್ತರರು, ನಾನು. ಮಾಸ್ತರರು ಹಲಗೆಯ ಮೇಲೆ 'ಕ್ರಿಯೆ-ಪ್ರತಿಕ್ರಿಯೆ' ಎಂದು ಬರೆಯಲು ಹೋಗಿ ಮೊದಲ 'ಕ'ದ ಬಳಿಯೇ ನಿಂತುಬಿಟ್ಟರು. ಹುಡುಗರು ತಲೆ ತಗ್ಗಿಸಿದರು. ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು.

ನನಗೆ ಏನಾಯಿತೋ, ಎದ್ದು ಹೋಗಿ ಕುರ್ಚಿಯನ್ನು ಹುಡುಗರೆದುರಿಗೆ ಎಳೆದೆ, ಛತ್ರಿ ಹಿಡಿದು ಕೂತೆ.

"ಮಾಸ್ತರ, ಎಂಜಿನ್ ಚಾಲೂ ಮಾಡ್ರಿ," ಅಂದೆ.

ಅವರು ನನ್ನ ಮುಖ ನೋಡಿದರು. ಕಣ್ಣು ತುಂಬಿತ್ತು. ಆಮೇಲೆ ಗುಡುಗಿದರು ನೋಡಿ! ಅರ್ಧ ತಾಸು ನಿಲ್ಲಲಿಲ್ಲ. ಬೆಂಚಿನ ಮೇಲಿನ ಹುಡುಗರೆಲ್ಲ ಎಡಗಾಲು ಒತ್ತುತ್ತಿದ್ದರು.

"ಇಂಜಿನ್ ನಿಲ್ಲಿಸಿಬಿಟ್ರೆ ಏನ್ ಮಾಡ್ತೀರಿ ಮೇಷ್ಟ್ರೇ?" ಸಾಹೇಬರು ಕೇಳಿದರು.

"ಕಾಲು ಹಗುರ ಮಾಡ್ಬೇಕ್ರಿ ಸಾಹೇಬ್ರ. ಅದು ಎಳಿಯೋದು ಬಿಟ್ಟ ಮ್ಯಾಲೂ ನಾವು ಒತ್ಕೋತ ಕುಂತ್ರ, ಹಾದಿ ತಪ್ಪಸೋರು ನಾವೇ."

ಸಾಹೇಬರು ನಕ್ಕು ಒಪ್ಪಿಗೆ ಬರೆದರು.

ಅವರ ನೌಕರಿ ಉಳಿಯಿತು, ನನ್ನದು ಹೋಗುವುದರಲ್ಲಿತ್ತು. ಗಂಡಸರೆದುರು ಕುರ್ಚಿಯೇರಿ ಆಟವಾಡಿದಳು ಎಂಬ ಮಾತು ಊರಲ್ಲಿ ಸುತ್ತಿ ಬೀದರಕ್ಕೂ ಮುಟ್ಟಿತು. ಅಲ್ಲಿನ ಮಿಶನ್ ದವಾಖಾನೆಯಲ್ಲಿ ಕಂಪೌಂಡರಾಗಿದ್ದ ಅಪ್ಪ ನನ್ನನ್ನು ಮನೆಗೆ ಕರೆದೊಯ್ದು, ರಾಜೀನಾಮೆ ಬರಿ ಅಂದರು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದಾಗ ಮಾಸ್ತರರು ನಮ್ಮ ಕಟ್ಟೆಯ ಮೇಲೆ ಕೂತಿದ್ದರು, ಟೋಪಿ ತೊಡೆಯ ಮೇಲಿತ್ತು.

"ನಿಮ್ಮ ಮಗಳು ಕುಂತಿದ್ದು ನನ್ನ ಮರ್ಯಾದಿ ಉಳಸ್ಲಿಕ್ಕ್ರಿ," ಅಂದರು ಅಪ್ಪನಿಗೆ. "ಅಕಿನ್ನ ಮನಿಯಾಗ ಕೂಡಸಿದ್ರ, ನಾ ಯಾವ ಮಾರಿ ಹೊತ್ಕೊಂಡು ಪಾಠ ಹೇಳ್ಲಿ? ನಾನೂ ಸೋಮವಾರ ಸಾಲಿಗಿ ಹೋಗಂಗಿಲ್ಲ."

ಅಪ್ಪ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತರು. ಆಮೇಲೆ ಒಳಗೆ ನೋಡಿ, "ಮಾಸ್ತರಿಗಿ ಚಾ ತಾ," ಅಂದರು. ಸೋಮವಾರ ಭಾಲ್ಕಿಯ ಬಸ್ಸಿಗೆ ಅಪ್ಪನೇ ನನ್ನನ್ನು ಕೂಡಿಸಿದರು. ಆಮೇಲೆ ಮೂವತ್ತು ವರ್ಷ ನಾನು ಶಾಲೆಯಲ್ಲಿದ್ದೆ. ಆ ಮೂವತ್ತೂ ವರ್ಷ ಮಾಸ್ತರರು ಕೊಟ್ಟದ್ದು.

ಕೆಲವು ವರ್ಷಕ್ಕೆ ಅವರಿಗೆ ಔರಾದಕ್ಕೆ ವರ್ಗವಾಯಿತು. ಒಂದು ಸುಗ್ಗಿಯಲ್ಲಿ ಕುಶನೂರಿನಿಂದ ಕಾರ್ಡು ಬಂತು. ಬರೆದವರು ಅವರ ಹೆಂಡತಿ. ಎಂದೂ ಶಾಲೆಯ ಮೆಟ್ಟಿಲು ಹತ್ತದವರು ಎಂದು ನಾನು ಬಲ್ಲೆ.

"ಮಾಸತರ ಹೋದ್ರು. ನನಗ ಅಕಶರ ಅವರೇ ಕಲಸಿದ್ರು. ತಪ್ಪಿದ್ರ ತಿದಕೋರಿ."

ಮೂರು ಒತ್ತು ಬಿಟ್ಟುಹೋಗಿದ್ದವು. ಮೇಜಿನ ಮೇಲೆ ಕೆಂಪು ಪೆನ್ನಿತ್ತು. ನಾನು ಕಾರ್ಡನ್ನು ತಿದ್ದದೆ, ಮಡಚದೆ, ಹಾಗೇ ಸೆರಗಿನಲ್ಲಿಟ್ಟುಕೊಂಡು ಕುಶನೂರಿನ ಬಸ್ಸು ಹತ್ತಿದೆ.