ಕಂಬಳಿಯ ಮೇಲೆ ಕೂತು ಆಡಿದ ಮಾತು

ಮೈಮೇಲೆ ಬರುವುದು, ಸತ್ತವರು ಮಾತಾಡುವುದು ಇವೆಲ್ಲ ನನಗೆ ಒಂದು ಕಾಲಕ್ಕೆ ಬರೀ ತಮಾಷೆ. ನಮ್ಮಜ್ಜಿ ಇಂಥ ಕತೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮನೋಚಿಕಿತ್ಸೆಯ ತರಬೇತಿಗೆ ಸೇರಿದ ಮೇಲಂತೂ ಜಂಬ ಇನ್ನಷ್ಟು ಏರಿತು. ಯಾರು ಏನೇ ಹೇಳಿದರೂ ಪುಸ್ತಕದಿಂದ ಒಂದು ವಿವರಣೆ ಎಳೆದು ತಂದು ಮುಖಕ್ಕೆ ಹಿಡಿಯುತ್ತಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಅಂದಿನ ನಾನಾಗಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ಮಾತು. ತರಬೇತಿಯ ಕೊನೆಯ ವರ್ಷ ನಮ್ಮನ್ನು ಬೇರೆ ಬೇರೆ ಊರಿಗೆ ಹಾಕುತ್ತಿದ್ದರು. ಮೈಸೂರಿನವಳಾದ ನನಗೆ ಸಿಕ್ಕಿದ್ದು ಕಂಪ್ಲಿ. ಹೊಸಪೇಟೆಯಲ್ಲಿ ವಾಸ, ವಾರಕ್ಕೊಮ್ಮೆ ಬಸ್ಸಿನಲ್ಲಿ ಅಲ್ಲಿಗೆ ಹೋಗಿಬರುವುದು. ದಾರಿಯುದ್ದಕ್ಕೂ ಕಾಲುವೆಯ ನೀರು ಕುಡಿದ ಭತ್ತ, ಕಬ್ಬು, ಬಾಳೆ. ಒಂದು ಛತ್ರದ ಕೋಣೆಯಲ್ಲಿ ಬಂದವರನ್ನು ಕೂರಿಸಿ ಮಾತಾಡಿಸುವುದು ನನ್ನ ಕೆಲಸ. ನನಗೆ ಕಲಿಸುತ್ತಿದ್ದ ಮೇಡಂ ಮೂಲೆಯಲ್ಲಿ ಕೂತು ನೋಡುತ್ತಿದ್ದರು.

ಅಲ್ಲಿಗೆ ಎಮ್ಮಿಗನೂರಿನ ಹುಲಿಗೆಮ್ಮ ಎಂಬಾಕೆಯನ್ನು ಆಕೆಯ ಮಾವ ಕರೆತಂದಿದ್ದ. ಗದ್ದೆಗೆ ನೀರು ತಿರುಗಿಸಲು ಹೋದ ಗಂಡ ಕಾಲು ಜಾರಿ ಕಾಲುವೆಗೆ ಬಿದ್ದು ಸತ್ತಿದ್ದ. ಹೆಣ ಸಿಕ್ಕಿ, ಮಣ್ಣೂ ಆಗಿತ್ತು. ಆದರೆ ಹುಲಿಗೆಮ್ಮ ಅತ್ತಿರಲೇ ಇಲ್ಲ. ಊಟ ನಿದ್ದೆ ಬಿಟ್ಟು ಕಡ್ಡಿಯಾಗಿದ್ದಳು. ಮಕ್ಕಳೆಷ್ಟು ಎಂದರೆ ಇಲ್ಲ ಎಂದಳು. ಆಕೆಯನ್ನು ಹೇಗಾದರೂ ಅಳಿಸಬೇಕು, ಇಲ್ಲದಿದ್ದರೆ ಈ ಜೀವ ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ನಾವು ಕಲಿತ ಒಂದು ವಿಧಾನವಿತ್ತು. ಎದುರಿಗೆ ಖಾಲಿ ಕುರ್ಚಿ ಇಡುವುದು. ತೀರಿಹೋದವರು ಅಲ್ಲಿ ಕೂತಿದ್ದಾರೆ ಎಂದುಕೊಂಡು, ಮನಸ್ಸಿನಲ್ಲಿ ಉಳಿದದ್ದನ್ನು ಆಡಿಬಿಡುವುದು. ನಾನು ಶಾಸ್ತ್ರೋಕ್ತವಾಗಿ ಕುರ್ಚಿ ಇಟ್ಟೆ. ಹುಲಿಗೆಮ್ಮ ಅದನ್ನು ನೋಡಿ ತಲೆಯಾಡಿಸಿದಳು.

“ಮಾವನೋರು ಇಲ್ಲೇ ಕುಂತಾರ. ಅವರ ಮುಂದ ನಮ್ಮನಿಯೋರು ಕುರ್ಚಿ ಮ್ಯಾಲೆ ಕುಂದ್ರತಾರೇನ್ರಿ?”

ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಮಾವ ಹೆಗಲ ಮೇಲಿನ ಕಂಬಳಿ ತೆಗೆದು ನೆಲಕ್ಕೆ ಹಾಸಿದ. ಆಕೆ ಅದರ ಎದುರು ಕೂತಳು, ಆದರೆ ಮಾತು ಹೊರಡಲಿಲ್ಲ. ಹಾಗಾದರೆ ನೀನೇ ಆ ಕಡೆ ಕೂತು ಅವರ ಪರವಾಗಿ ಮಾತಾಡು ಎಂದೆ. ಅದೂ ಆ ವಿಧಾನದಲ್ಲೇ ಇದೆ.

“ಅವರ ಜಾಗದಾಗ ನಾ ಹೆಂಗ ಕುಂದ್ರಲಿ? ಬ್ಯಾಡ್ರಿ. ನೀವ ಕುಂದ್ರಿ.”

ಮೇಡಂ ಹೂಂ ಎಂದು ಸನ್ನೆ ಮಾಡಿದರು. ನಾನು ಕಂಬಳಿಯ ಮೇಲೆ ಕೂತೆ. ‘ಅಳು, ಅತ್ತರೆ ತಪ್ಪಿಲ್ಲ’ ಎಂದು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಮಟಮಟ ಮಧ್ಯಾಹ್ನ. ಹೊರಗೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. ನನಗೆ ಮಂಪರು ಬಂದಿರಲಿಲ್ಲ, ಜ್ವರವಿರಲಿಲ್ಲ. ಬಾಯಿ ತೆರೆದೆ. ಬಂದ ಮಾತು ಬೇರೆ.

“ಕೂಸಿಗೆ ನಾ ಹೆಸರಿಟ್ಟಿದ್ದೆ ಲೇ. ನಿನಗ ಹೇಳಿದ್ದಿಲ್ಲ.”

ದನಿ ನನ್ನದೇ. ಆದರೆ ನಾನು ಹುಟ್ಟಿದಾರಭ್ಯ ಯಾರನ್ನೂ ಲೇ ಎಂದವಳಲ್ಲ. ಯಾವ ಕೂಸು ಎಂದು ನನಗೇ ತಿಳಿಯಲಿಲ್ಲ. ಹುಲಿಗೆಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದೆ ಬಡಿದುಕೊಂಡು ಅಳತೊಡಗಿದಳು. ಅಂಥ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಮಾವ ಗೋಡೆ ಹಿಡಿದು ಎದ್ದು ನಿಂತ. ಬಹಳ ವರ್ಷದ ಹಿಂದೆ ಮಗ ಸೊಸೆಗೆ ಒಂದು ಹೆಣ್ಣು ಕೂಸು ಹುಟ್ಟಿತ್ತಂತೆ. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಯಿತಂತೆ. ಅಂಥ ಕೂಸಿಗೆ ಹೆಸರಿಲ್ಲ, ಮನೆಯಲ್ಲಿ ಅದರ ಮಾತೂ ಎತ್ತುವುದಿಲ್ಲ. “ದನಿ ನಮ್ಮ ಹುಡುಗಂದು ಅಲ್ಲ. ಮಾತು ಅವಂದ,” ಎಂದ ಆತ.

ಹುಲಿಗೆಮ್ಮ ಅಳುತ್ತಲೇ ನನ್ನ ಕೈ ಹಿಡಿದಳು. “ಏನಂತ ಇಟ್ಟಿದ್ರಿ?”

ಕಾದೆ. ಏನೂ ಬರಲಿಲ್ಲ.

ನೀನು ಎಲ್ಲೋ ಕೇಳಿರುತ್ತೀಯ, ಮರೆತಿರುತ್ತೀಯ ಎಂದರು ಮೇಡಂ. ಯಾರಿಂದ ಕೇಳಲಿ? ಆ ಊರಿನ ಇನ್ನೊಂದು ನರಪಿಳ್ಳೆಯ ಪರಿಚಯ ನನಗಿರಲಿಲ್ಲ.

ಮುಂದಿನ ವಾರ ಹುಲಿಗೆಮ್ಮ ಒಬ್ಬಳೇ ಬಂದಳು. ಉಣ್ಣುತ್ತಿದ್ದಳು, ಮುಖಕ್ಕೆ ಕಳೆ ಬಂದಿತ್ತು. ತಾನೇ ಕಂಬಳಿ ತಂದು ಹಾಸಿದಳು. ನಾನು ಕೂತೆ. ಬಹಳ ಹೊತ್ತು ಕೂತೆ. ಯಾವುದೋ ಒಂದು ಚೆಂದದ ಹೆಸರು ಹೇಳಿಬಿಡೋಣ, ತಾಯಿಯ ಮನಸ್ಸು ತಣ್ಣಗಾಗಲಿ ಎಂದು ಒಂದು ಗಳಿಗೆ ಅನ್ನಿಸಿತು. ಅದು ಆಕೆಗೆ ಹೇಗೆ ತಿಳಿಯಿತೋ.

“ಬ್ಯಾರೆ ಯಾವ್ದೂ ಬ್ಯಾಡ್ರಿ ಅಕ್ಕಾರ. ಅವರು ಇಟ್ಟಿದ್ದ ಬೇಕು,” ಎಂದಳು.

ನನ್ನ ತರಬೇತಿ ಮುಗಿಯುವವರೆಗೆ ಬರುತ್ತಿದ್ದಳು. ಕೊನೆಯ ದಿನ ಕಂಬಳಿ ಮಡಿಸಿಕೊಂಡು, “ನೆನಪಾದಾಗ ಹೇಳಿ ಕಳಸ್ರಿ,” ಎಂದು ಹೋದಳು.

ಆಮೇಲೆ ಎಷ್ಟೋ ಜನರ ಎದುರು ಕೂತು ಅವರ ದುಃಖ ಕೇಳಿದ್ದೇನೆ. ಅಂದು ನಡೆದದ್ದು ಏನೆಂದು ಇಂದಿಗೂ ಗೊತ್ತಿಲ್ಲ. ಕೆಲವೊಮ್ಮೆ ಅಡುಗೆ ಮಾಡುತ್ತಿರುವಾಗ ಒಂದು ಹೆಸರು ನಾಲಿಗೆಯ ತುದಿಗೆ ಬಂದಂತಾಗುತ್ತದೆ. ಕೈಯಲ್ಲಿದ್ದದ್ದನ್ನು ಬಿಟ್ಟು ನಿಲ್ಲುತ್ತೇನೆ. ಬರುವುದಿಲ್ಲ. ಹುಲಿಗೆಮ್ಮ ಈಗ ಇದ್ದಾಳೋ ಇಲ್ಲವೋ ತಿಳಿಯದು. ಇದ್ದರೆ, ಕಾಯುತ್ತಿರುತ್ತಾಳೆ.