ಸೊಂಟಮಟ್ಟದ ನೀರಿನಲ್ಲಿ ಕೊಳದಮ್ಮನ ನಡಿಗೆ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಈಜುಕೊಳದ ಗಾಜಿನ ಚಾವಣಿಯಿಂದ ತೆಳು ನೀಲಿ ಬೆಳಕು ಸದ್ದಿಲ್ಲದೆ ಇಳಿಯುತ್ತಿದೆ. ಬೆಚ್ಚಗಿನ ನೀರಿನ ಮೇಲೆ ಆವಿ ಎದ್ದು ಅಲ್ಲಲ್ಲೇ ಸುಳಿದಾಡುತ್ತಿದೆ. ಆ ಆವಿಯ ನಡುವಿನಿಂದ ಮೊದಲು ಒಂದು ಹಳದಿ ರಬ್ಬರ್ ಟೋಪಿ ಕಾಣುತ್ತದೆ, ಆಮೇಲೆ ಅದರ ಹಿಂದೆ ಹತ್ತಾರು ಟೋಪಿಗಳು. ಹಳದಿ ಟೋಪಿಯ ಹೆಂಗಸು ಸೊಂಟಮಟ್ಟದ ನೀರಿನಲ್ಲಿ ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದಾಳೆ. ಮಿಕ್ಕವರೆಲ್ಲ, ಅಜ್ಜ ಅಜ್ಜಿಯರು, ಆಕೆಯ ಮುಖ ನೋಡುತ್ತಾ ಮುಂದುಮುಂದಕ್ಕೆ ಬರುತ್ತಿದ್ದಾರೆ. ನೀರು ತಡೆಯುವುದರಿಂದ ಯಾರಿಗೂ ಅವಸರ ಮಾಡಲಾಗದು. ಎಲ್ಲರೂ ನಿದ್ದೆಯಲ್ಲಿ ನಡೆಯುತ್ತಿರುವಂತೆ ಕಾಣುತ್ತಾರೆ.

ಎಲ್ಲರ ಬಾಯಲ್ಲೂ ಆಕೆ ಕೊಳದಮ್ಮ. ಕೆಲಸ ಕೊಳದ ಸ್ವಚ್ಛತೆ. ಕಲ್ಲುಹಾಸು ಉಜ್ಜುವುದು, ಬಟ್ಟೆ ಬದಲಿಸುವ ಕೋಣೆ ತೊಳೆಯುವುದು, ನೀರಿನಲ್ಲಿ ತೇಲುವ ಕೂದಲು ಕಸವನ್ನು ಬಲೆಕೋಲಿನಿಂದ ತೆಗೆಯುವುದು. ಶಾಲೆಯ ಮಕ್ಕಳು ಬಂದು ಕೊಳವನ್ನು ಕಲಕಿಬಿಡುವ ಮುಂಚಿನ ಒಂದು ಗಂಟೆ ಮಾತ್ರ ಆಕೆ ಪೊರಕೆ ಮೂಲೆಗಿಟ್ಟು ನೀರಿಗಿಳಿಯುತ್ತಾಳೆ. ಆ ಒಂದು ಗಂಟೆ ಈ ಬಡಾವಣೆಯ ಹಿರಿಯರ ಪಾಲಿನದು.

ಇದನ್ನು ಶುರು ಮಾಡಿಸಿದ್ದು ಪಕ್ಕದ ಆರೋಗ್ಯ ಕೇಂದ್ರದ ಡಾಕ್ಟರಮ್ಮ. ವಯಸ್ಸಾದ ಮೇಲೆ ಬರುವ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ಅದನ್ನು ದೂರವಿಡಬೇಕಾದರೆ ಮೈ ಆಡುತ್ತಿರಬೇಕು, ಕುಳಿತಲ್ಲೇ ಕೂರಬಾರದು ಎಂಬುದು ಅವರ ಮಾತು. ನಡೆಯಿರಿ ಎಂದರೆ ಮುದುಕರಿಗೆ ಬೀಳುವ ಭಯ. ನೀರಲ್ಲಿ ಬಿದ್ದರೂ ಮೂಳೆ ಮುರಿಯದಲ್ಲ ಎಂದು ಕೊಳವನ್ನು ಕೇಳಿ ಪಡೆದರು. ಮೊದಲು ಬಂದ ತರಬೇತುದಾರ ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಅವನು ಹೇಳಿಕೊಡುವುದನ್ನೆಲ್ಲ ದಂಡೆಯ ಮೇಲೆ ನೆಲ ಒರೆಸುತ್ತಾ ಕೇಳಿಸಿಕೊಂಡಿದ್ದವಳು ಕೊಳದಮ್ಮ. ಡಾಕ್ಟರಮ್ಮ ಆಕೆಯನ್ನೇ ಕರೆದು, ಕೂರಿಸಿ, ಯಾರ ಮೈಗೆ ಎಷ್ಟು ಕಸರತ್ತು ಎಂಬ ಲೆಕ್ಕವನ್ನೆಲ್ಲ ತಾಳ್ಮೆಯಿಂದ ಕಲಿಸಿ ನೀರಿಗಿಳಿಸಿದರು. ಅರವತ್ತರ ಹತ್ತಿರದ ಮೊಣಕಾಲು ಆಕೆಯದೂ. ನೀರಲ್ಲೇ ನೆನೆದು ಅಂಗೈ ಚರ್ಮ ಸುಲಿಯುತ್ತದೆ, ಪಾದ ಬಿರಿಯುತ್ತದೆ. ಅದರ ಬಗ್ಗೆ ಕೇಳಿದರೆ, ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ ಎಂದು ಮಾತು ತೇಲಿಸಿಬಿಡುತ್ತಾಳೆ.

ಬರೀ ನಡೆದರೆ ಸಾಲದು, ನಡೆಯುತ್ತಾ ತಲೆಗೂ ಕೆಲಸ ಕೊಡಬೇಕು. ಅದಕ್ಕೆ ಇಲ್ಲೊಂದು ಆಟವಿದೆ. ಕೈಯಿಂದ ಕೈಗೆ ಒಂದು ಚೆಂಡು ಹೋಗುತ್ತದೆ. ಯಾರ ಕೈಗೆ ಬರುತ್ತದೋ ಅವರು ತಮ್ಮ ಮನೆಯಿಂದ ಕೊಳದವರೆಗಿನ ದಾರಿಯಲ್ಲಿ ಸಿಗುವುದನ್ನೆಲ್ಲ ಸಾಲಾಗಿ ಹೇಳಬೇಕು, ಕಾಲು ಮಾತ್ರ ನಿಲ್ಲಕೂಡದು. ನೆನಪಾಗದಿದ್ದರೆ 'ಮುಂದೆ' ಎಂದು ಚೆಂಡು ದಾಟಿಸಿದರಾಯಿತು. ಯಾರೂ ಹೇಳಿಕೊಡುವಂತಿಲ್ಲ, ಯಾರೂ ನಗುವಂತಿಲ್ಲ. ನಿವೃತ್ತ ಬಸ್ ಡ್ರೈವರ್ ಒಬ್ಬರದ್ದು ಮಾತ್ರ ಇಲ್ಲಿ ದೊಡ್ಡ ಫಜೀತಿ. ದಾರಿಯಲ್ಲಿ ಬಸ್ ಸ್ಟಾಪು ಬಂತೆಂದರೆ ಬಾಯಿ ಅದರ ಹೆಸರು ಹೇಳುತ್ತದೆ, ಕಾಲು ತಂತಾನೇ ನಿಂತುಬಿಡುತ್ತದೆ. ಹಿಂದೆ ಬರುವವರೆಲ್ಲ ಅವರ ಬೆನ್ನಿಗೆ ಡಿಕ್ಕಿ. 'ಹತ್ತೋರು ಹತ್ತಾಯ್ತು, ಹೊರಡಿ ಸ್ವಾಮಿ' ಎಂದು ಕೊಳದಮ್ಮ ಗದರಿಸಿದ ಮೇಲೇ ಗಾಡಿ ಮುಂದಕ್ಕೆ. ನಗಬಾರದೆಂಬ ನಿಯಮ ಆಗ ಸ್ವಲ್ಪ ಹೊತ್ತು ನೀರುಪಾಲು.

ಇಷ್ಟು ನಗಿಸುವ ಕೊಳದಮ್ಮನ ಎದೆಯೊಳಗೆ ಒಂದು ಮುಳ್ಳಿತ್ತು. ಅದು ಆಕೆಯ ಅಕ್ಕ.

ಅಕ್ಕನೆಂದರೆ ಸಾಮಾನ್ಯಳಲ್ಲ. ಇದೇ ಕೊಳದಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡು ಒಂದು ತಲೆಮಾರಿಗೆ ಈಜು ಕಲಿಸಿದ ಸೀಟಿ ಟೀಚರ್. ಅವರ ಒಂದು ಸೀಟಿಗೆ ನೀರಿನಲ್ಲಿದ್ದ ಪುಂಡರೆಲ್ಲ ಬೆಕ್ಕಿನ ಮರಿಗಳಾಗುತ್ತಿದ್ದರಂತೆ. ಆದರೆ ಊರಿಗೆಲ್ಲ ಈಜು ಕಲಿಸಿದವರಿಗೆ ಒಡಹುಟ್ಟಿದ ತಂಗಿ ಮಾತ್ರ ಕಬ್ಬಿಣದ ಕಡಲೆ. ಮುಖ ನೀರಿಗೆ ತಾಗಿದರೆ ಸಾಕು, ಕೊಳದಮ್ಮ ಚಿಕ್ಕಂದಿನಲ್ಲಿ ಕೊಳವೇ ಹಾರಿಹೋಗುವಂತೆ ಕಿರುಚುತ್ತಿದ್ದಳು. ಇಷ್ಟು ವರ್ಷ ಕೊಳದ ಅನ್ನ ಉಂಡರೂ ಆಕೆಗೆ ಈಜು ಬಾರದು. ನಡೆಯುವಷ್ಟು ನೀರು ದಾಟಿ ಒಂದು ಗೇಣು ಆಚೆಗೂ ಹೋದವಳಲ್ಲ. ನಡಿಗೆಯ ಹೊತ್ತಿನಲ್ಲಿ ಜೀವರಕ್ಷಕನೊಬ್ಬ ಎತ್ತರದ ಕುರ್ಚಿಯಲ್ಲಿ ಕಾವಲಿರುವುದೇ ಧೈರ್ಯ.

ಟೀಚರಿಗೆ ಎಪ್ಪತ್ತಾಗುವ ಹೊತ್ತಿಗೆ ಮಾತು ನಡುವೆಯೇ ತಪ್ಪಿಹೋಗತೊಡಗಿತು. ಒಲೆಯ ಮೇಲಿಟ್ಟ ಹಾಲು ಹೊತ್ತಿಹೋಯಿತು. ಡಾಕ್ಟರಮ್ಮ ಪರೀಕ್ಷಿಸಿ, ಮರೆವು ಶುರುವಾಗಿದೆ, ಇನ್ನೂ ಆರಂಭದ ಹಂತ, ದಿನಾ ನಡೆಸಿ ಎಂದರು. ಕೊಳದಮ್ಮ ಅಕ್ಕನನ್ನು ತನ್ನ ಮನೆಗೇ ಕರೆತಂದಳು, ಮರುದಿನವೇ ನಡಿಗೆಗೂ ಕರೆತಂದಳು. ದಂಡೆಯ ಕಂಬಿ ಹಿಡಿದು ನಡೆಯುವ ಮುದುಕರ ಸಾಲಿನಲ್ಲಿ ಟೀಚರ್ ಮುಖ ಊದಿಸಿಕೊಂಡೇ ನಿಂತರು. ಅದೇ ವಾರ ಚೆಂಡು ಅವರ ಕೈಗೆ ಬಂತು. ಮನೆ ಬಾಗಿಲು, ಗೇಟು, ಅಲ್ಲಿಗೆ ಮಾತು ನಿಂತಿತು. ಎಲ್ಲರೂ ಇದ್ದಲ್ಲೇ ಕಾಲಾಡಿಸುತ್ತಾ ಕಾದರು. ಕೊಳದಮ್ಮನಿಗೆ ಕಾಯಲಾಗಲಿಲ್ಲ. ಔಷಧಿ ಅಂಗಡಿ ಎಂದು ತಾನೇ ಹೇಳಿಬಿಟ್ಟಳು.

ತಾನೇ ಮಾಡಿದ ನಿಯಮವನ್ನು ತಾನೇ ಮುರಿದಿದ್ದಳು, ಅದೂ ಎಲ್ಲರೆದುರಿಗೆ. ಟೀಚರ್ ಚೆಂಡನ್ನು ನೀರಿನ ಮೇಲೆ ಬಿಟ್ಟು, ಮೆಟ್ಟಿಲು ಹತ್ತಿ, ಟವೆಲ್ ಹೊದ್ದು ನಡೆದರು.

'ಬೇರೆ ಯಾರಾದ್ರೂ ಆಗಿದ್ರೆ ಕಾಯ್ತಿದ್ದೆ' ಎನ್ನುತ್ತಾಳೆ ಕೊಳದಮ್ಮ. 'ನಮ್ಮಕ್ಕ ಅಲ್ವಾ, ಅವಳು ತಡವರಿಸೋದನ್ನ ನೋಡೋಕಾಗ್ಲಿಲ್ಲ. ಬಾಯಿ ಜಾರ್ತು. ಅವಳ ಕೈಯಿಂದ ಕಿತ್ಕೊಂಡ ಹಾಗಾಯ್ತು.'

ಆಮೇಲೆ ಟೀಚರ್ ಕೊಳದ ಕಡೆ ತಲೆ ಹಾಕಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಹಿಡಿದವರು ಹಿಡಿದೇಬಿಟ್ಟರು. ಹೀಗೆ ಕೂತರೆ ಕಾಲೂ ಸೋಲುತ್ತದೆ, ತಲೆಯೂ ಸೋಲುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದರು. ತಂಗಿ ಗೋಗರೆದಳು, ಕ್ಷಮೆ ಕೇಳಿದಳು, ಒಮ್ಮೆ ಜಗಳವನ್ನೂ ಆಡಿ ನೋಡಿದಳು. ಕಲ್ಲಿನ ಮೇಲೆ ನೀರು ಹೊಯ್ದಂತಾಯಿತು. ದಿನಾ ಬೆಳಿಗ್ಗೆ ಪರರ ಮನೆಯ ಹಿರಿಯರನ್ನೆಲ್ಲ ಕೈಹಿಡಿದು ನೀರಿಗಿಳಿಸುವಾಗ, ತನ್ನ ಮನೆಯಲ್ಲಿ ಅಕ್ಕ ಗೋಡೆ ನೋಡುತ್ತಾ ಕೂತಿದ್ದಾಳೆ ಎಂಬ ಸಂಕಟ ಆಕೆಯನ್ನು ತಿನ್ನುತ್ತಿತ್ತು. ನೆಲ ಒರೆಸುತ್ತಾ ಅತ್ತದ್ದೂ ಉಂಟು. ಒದ್ದೆ ನೆಲದ ಮೇಲೆ ಕಣ್ಣೀರು ಯಾರಿಗೂ ಕಾಣದಲ್ಲ, ಅದೊಂದು ಅನುಕೂಲ ಎಂದು ಈಗ ನಗುತ್ತಾಳೆ.

ಕೊನೆಗೊಂದು ದಿನ ಅಕ್ಕನಿಗೆ ತಲೆ ಬಾಚುತ್ತಿದ್ದಾಗ, ಮೊದಲೇ ಯೋಚಿಸಿದ್ದೂ ಅಲ್ಲ, ಕೊಳದಮ್ಮನ ಬಾಯಿಂದ ಮಾತು ಬಂತು.

'ಅಕ್ಕ, ನಂಗೆ ಈಜು ಕಲಿಸ್ತೀಯಾ?'

ಟೀಚರ್ ತಿರುಗಿ ತಂಗಿಯನ್ನು ಮೇಲಿಂದ ಕೆಳಗೆ ನೋಡಿ, 'ಈಗ್ಲಾದ್ರೂ ಕಿರ್ಚದೆ ಇರ್ತೀಯಾ, ಪುಟ್ಟಿ?' ಎಂದರು.

ಮರುದಿನದಿಂದ ನಡಿಗೆ ಮುಗಿಯುವ ಹೊತ್ತಿಗೆ ಟೀಚರ್ ನೀರಿನಲ್ಲಿರುತ್ತಾರೆ. ಶಿಷ್ಯೆ ತಡ ಮಾಡಿದರೆ ಸಿಡುಕುತ್ತಾರೆ. ತಡವಾಗದಿರಲೆಂದು ಸ್ವಲ್ಪ ಮುಂಚೆಯೇ ಬರತೊಡಗಿದರು. ಬಂದವರು ಸುಮ್ಮನೆ ನಿಲ್ಲುವುದೇಕೆಂದು ಸಾಲಿನ ಕೊನೆಗೆ ಸೇರಿ ತಾವೂ ನಡೆಯತೊಡಗಿದರು. ಚೆಂಡು ಬಂದರೆ ಒಂದೊಂದು ದಿನ ದಾರಿ ಪೂರ್ತಿ ಹೇಳುತ್ತಾರೆ, ಒಂದೊಂದು ದಿನ 'ಮುಂದೆ' ಎಂದು ಡ್ರೈವರ್ ಕೈಗೆ ದಾಟಿಸುತ್ತಾರೆ. ಆಗ ಕೊಳದಮ್ಮ ತುಟಿ ಕಚ್ಚಿಕೊಂಡು ಹಿಂದುಹಿಂದಕ್ಕೆ ನಡೆಯುತ್ತಾಳೆ.

ಈಜಿನ ಪಾಠದ್ದು ಬೇರೆಯೇ ಕತೆ. ಮೊದಲನೆಯ ಪಾಠವೆಂದರೆ ಮುಖ ಮುಳುಗಿಸಿ ಬಾಯಿಂದ ಗುಳ್ಳೆ ಬಿಡುವುದು. ಟೀಚರ್ ಅದನ್ನು ಅಚ್ಚುಕಟ್ಟಾಗಿ ಹೇಳಿಕೊಟ್ಟರು. ಮರುದಿನವೂ ಅದನ್ನೇ ಹೇಳಿಕೊಟ್ಟರು. ಅದರ ಮರುದಿನವೂ. ನಿನ್ನೆಯ ಪಾಠ ಅವರಿಗೆ ನೆನಪಿರುತ್ತಿರಲಿಲ್ಲ. ಕೊಳದಮ್ಮ ಪ್ರತಿಸಲವೂ ಹೆದರಿದವಳಂತೆ ಮೂಗು ಹಿಡಿದು, ಮುಳುಗಿ, ಗುಳ್ಳೆ ಬಿಟ್ಟು, ಹೊಸದಾಗಿ ಕಲಿತವಳಂತೆ ಮೇಲೇಳುತ್ತಿದ್ದಳು. ಭೇಷ್ ಎಂದು ಅಕ್ಕ ಬೆನ್ನು ತಟ್ಟುತ್ತಿದ್ದರು. ಗುಳ್ಳೆ ಬಿಡುವುದರಲ್ಲಿ ಈಗ ತನ್ನನ್ನು ಮೀರಿಸುವವರಿಲ್ಲ ಎಂಬುದು ಕೊಳದಮ್ಮನ ಜಂಬ.

ಈ ನಡಿಗೆಯಿಂದ ಮರೆವು ಹಿಂದಕ್ಕೆ ಹೋಗುತ್ತದೆಯೇ ಎಂದು ಕೇಳಿದರೆ ಡಾಕ್ಟರಮ್ಮ ಮಾತನ್ನು ತೂಗಿ ಆಡುತ್ತಾರೆ. ಮೈ ಚುರುಕಾಗಿಟ್ಟವರಿಗೆ ಅಪಾಯ ಕಡಿಮೆ, ಶುರುವಾದವರಿಗೂ ದಿನಗಳು ಹಗುರಾಗಬಹುದು, ಆದರೆ ಇಂಥವರಿಗೆ ಇಷ್ಟು ಎಂದು ಬರೆದುಕೊಡಲು ಯಾರಿಂದಲೂ ಆಗದು. ಕೊಳದಮ್ಮನಿಗೂ ಅದು ಗೊತ್ತು.

ಇಂದು ನಡಿಗೆ ಮುಗಿದಿದೆ. ಹಿರಿಯರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಆವಿಯಲ್ಲಿ ಕರಗುತ್ತಿದ್ದಾರೆ. ಬಿಸಿಲು ಗಾಜಿನಿಂದಿಳಿದು ನೀರಿನ ತಳದಲ್ಲಿ ಬಲೆ ನೇಯುತ್ತಿದೆ. ಅಕ್ಕ ತಂಗಿ ಇಬ್ಬರೇ ನೀರಿನಲ್ಲಿದ್ದಾರೆ. ಕೊಳದಮ್ಮ ಎಂದಿನಂತೆ ಮೂಗು ಹಿಡಿದು ಮುಳುಗಲು ಬಗ್ಗುತ್ತಾಳೆ. ಟೀಚರ್ ಆಕೆಯ ಭುಜ ಹಿಡಿದು ತಡೆಯುತ್ತಾರೆ.

'ಗುಳ್ಳೆ ನಿನ್ನೆ ಆಯ್ತಲ್ಲೇ. ಇವತ್ತು ಕಂಬಿ ಹಿಡ್ಕೊಂಡು ಕಾಲು ಬಡಿ.'

ಕೊಳದಮ್ಮ ಬಗ್ಗಿದಂತೆಯೇ ಒಂದು ಕ್ಷಣ ನಿಲ್ಲುತ್ತಾಳೆ. ಆಮೇಲೆ ಕಂಬಿ ಹಿಡಿಯುತ್ತಾಳೆ. ಕಾಲು ಬಡಿಯುವುದು ಆಕೆಗೆ ನಿಜವಾಗಿಯೂ ಬಾರದು. ಮೈ ಒಂದು ಕಡೆ, ಕಾಲು ಒಂದು ಕಡೆ, ಬಾಯಿ ತುಂಬ ನೀರು. ಕೆಮ್ಮುತ್ತಾಳೆ, ನಗುತ್ತಾಳೆ, ಅಳುತ್ತಾಳೆ. ಮಂಡಿ ಮಡಿಸಬೇಡವೆಂದು ಟೀಚರ್ ಬಯ್ಯುತ್ತಲೇ ಇದ್ದಾರೆ.

ಆಮೇಲೆ ದಂಡೆಯ ಮೇಲೆ ಕುಳಿತು ಅಕ್ಕನ ತಲೆ ಒರೆಸುತ್ತಾ ಕೊಳದಮ್ಮ, ಅವರಿಗೆ ಕೇಳಿಸದಂತೆ ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾಳೆ: 'ನಾಳೆ ಮತ್ತೆ ಗುಳ್ಳೆ ಬಿಡು ಅಂದ್ರೂ ಬಿಡ್ತೀನಿ. ಅವಳು ನೀರಿಗೆ ಬರ್ತಾ ಇರ್ಲಿ, ನಂಗೆ ಈಜು ಬರದೇ ಇದ್ರೂ ಪರವಾಗಿಲ್ಲ.'