ಮೂರು ಅಳತೆ, ಎರಡೇ ಗೆರೆ

ಕಳೆದ ವರ್ಷ ಮಾರ್ಚ್ ತಿಂಗಳ ಎರಡನೇ ಮಂಗಳವಾರ, ಮಧ್ಯಾಹ್ನ ಎರಡು ಗಂಟೆ. ತುಮಕೂರಿನಲ್ಲಿ ನಮ್ಮ ನೀರು ಸರಬರಾಜು ಕಚೇರಿಯ ಮೇಲಿನ ಕೋಣೆಯಲ್ಲಿ ನಾಲ್ವರಿದ್ದೆವು. ಸಹಾಯಕ ಎಂಜಿನಿಯರ್ ಆಗಿ ನಿವೃತ್ತನಾದ ನನ್ನನ್ನು ದೂರುಗಳ ವಿಚಾರಣೆಗೆಂದು ಮತ್ತೆ ಕರೆಸಿಕೊಂಡಿದ್ದರು. ಗುಮಾಸ್ತ ಗಂಗಾಧರ ಎದುರಿಗಿದ್ದ. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದಿಂದ ದಿನವೂ ಬಸ್ಸಿನಲ್ಲಿ ಬರುವ ಡೇಟಾ ಸಹಾಯಕಿ ಶೋಭಾ ಕಂಪ್ಯೂಟರ್ ಮುಂದಿದ್ದಳು. ಬಾಗಿಲ ಬಳಿಯ ಬೆಂಚಿನ ಮೇಲೆ ಹನುಮಂತಯ್ಯ. ಗುಬ್ಬಿ ತಾಲ್ಲೂಕಿನಲ್ಲಿ ನಿಟ್ಟೂರು ಕಡೆಯ ಒಂದು ಹಳ್ಳಿಯ ನೀರುಗಂಟಿ. ಪಂಪ್ ಹಾಕಿ ಊರಿನ ಟ್ಯಾಂಕ್ ತುಂಬಿಸುವುದು ಆತನ ಕೆಲಸ. ಸಂಜೆ ಐದರೊಳಗೆ ನಾನು ಸಹಿ ಮಾಡಬೇಕಿದ್ದ ವರದಿ ಆತನನ್ನು ಆ ಕೆಲಸದಿಂದ ತೆಗೆಯುವಂಥದ್ದು.

ದೂರು ಇಷ್ಟೇ. ಒಂದು ಶನಿವಾರ ಬೆಳಿಗ್ಗೆ ಏಳೂವರೆಗೆ ಊರಿನ ನಲ್ಲಿಗಳೆಲ್ಲ ನಿಂತುಹೋದವು. ಕರೆಂಟ್ ಇದ್ದರೂ ಹನುಮಂತಯ್ಯ ಪಂಪ್ ಹಾಕಲಿಲ್ಲ ಎಂದು ಊರವರು ಬರೆದುಕೊಟ್ಟಿದ್ದರು. ಕರೆಂಟೇ ಬಂದಿರಲಿಲ್ಲ ಎನ್ನುವುದು ಆತನ ಉತ್ತರ.

“ಊರಲ್ಲೆಲ್ಲಾ ಲೈಟ್ ಉರೀತಿತ್ತಂತೆ, ಇವ್ನ್ ಪಂಪ್‌ಹೌಸಲ್ಲಿ ಮಾತ್ರ ಕತ್ತಲಂತೆ. ಏನ್ಲಾ, ಕರೆಂಟಿಗೂ ನಿಂಗೂ ಜಗಳಾನಾ?” ಎಂದ ಗಂಗಾಧರ.

“ಮನೆ ಲೈನೇ ಬೇರೆ, ಮೋಟ್ರು ಲೈನೇ ಬೇರೆ ಕಣಣ್ಣ. ಎಷ್ಟ್ ಸಲ ಹೇಳ್ಲಿ?” ಎಂದು ಹನುಮಂತಯ್ಯ ಗೋಡೆ ನೋಡಿದ.

ನಮ್ಮ ಕೈಯಲ್ಲಿದ್ದ ಸಾಕ್ಷಿ ಒಂದು ಗ್ರಾಫ್. ಪಂಪ್‌ಹೌಸ್‌ನಲ್ಲಿ ಲಾಗರ್ ಎಂಬ ಪುಟ್ಟ ಪೆಟ್ಟಿಗೆಯಿದೆ, ತನ್ನದೇ ಬ್ಯಾಟರಿಯಲ್ಲಿ ನಡೆಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಟ್ಯಾಂಕಿನ ನೀರಿನ ಮಟ್ಟ, ಮೋಟರ್ ಲೈನಿನ ವೋಲ್ಟೇಜ್, ಮೋಟರ್ ಓಡುವಾಗ ಎಳೆಯುವ ಆಂಪ್ಸ್ ಇವಿಷ್ಟನ್ನು ಬರೆದಿಡುತ್ತದೆ. ಮಟ್ಟ ನಾಲ್ಕು ಮೀಟರ್ ದಾಟುವುದಿಲ್ಲ, ಆಂಪ್ಸ್ ಇಪ್ಪತ್ತು ದಾಟುವುದಿಲ್ಲ, ವೋಲ್ಟೇಜ್ ಮಾತ್ರ ನಾನೂರರ ಮೇಲೆ. ಮೂರನ್ನೂ ಒಂದೇ ಅಕ್ಷಕ್ಕೆ ಹಾಕಿದರೆ ನೀರಿನ ಗೆರೆ ನೆಲಕ್ಕೆ ಅಂಟಿಬಿಡುತ್ತದೆ. ಅದಕ್ಕೇ ಶೋಭಾ ಪೈಥಾನ್ ಕೋಡ್‌ನಲ್ಲಿ ಮೂರು ಲಂಬ ಅಕ್ಷಗಳನ್ನು ಕೊಟ್ಟಿದ್ದಳು: ಎಡಕ್ಕೆ ಮಟ್ಟ, ಬಲಕ್ಕೆ ವೋಲ್ಟೇಜ್ ಮತ್ತು ಆಂಪ್ಸ್. ಗೆರೆಗೊಂದು ಬಣ್ಣ, ಅದರ ಅಂಕಿಗಳಿಗೂ ಅದೇ ಬಣ್ಣ.

ಫೈಲಿನಲ್ಲಿದ್ದುದು ಅದರ ಕಪ್ಪು-ಬಿಳುಪು ಜೆರಾಕ್ಸ್, ಬೆಳಿಗ್ಗೆ ಐದರಿಂದ ಒಂಬತ್ತರವರೆಗಿನದು. ಮೇಲಿನ ಗೆರೆ ಏಳೂವರೆಯವರೆಗೆ ಇಳಿಯುತ್ತ ಬಂದಿತ್ತು. ಕೆಳಗಿನ ಗೆರೆ ಸೊನ್ನೆಯ ಮೇಲೇ ಮಲಗಿತ್ತು. ಮೇಲಿನದು ವೋಲ್ಟೇಜ್, ಕೆಳಗಿನದು ಆಂಪ್ಸ್ ಎಂದು ಗಂಗಾಧರ ಓದಿ ಹೇಳಿದ್ದ. ಕರೆಂಟ್ ಇತ್ತು, ಪಂಪ್ ಓಡಲಿಲ್ಲ ಎಂದು ನಾನು ಬರೆಸಿದ್ದೆ.

ಸಹಿಗೆ ಮುಂಚೆ ಗ್ರಾಫಿಗೆ ಸ್ಕೇಲ್ ಇಟ್ಟು ನೋಡುವುದು ನನ್ನ ಅಭ್ಯಾಸ. ಆರು ಗಂಟೆಯ ಬಿಂದುವಿನಿಂದ ಬಲಕ್ಕೆ ಇಟ್ಟೆ. ಅಲ್ಲಿ ಎರಡು ಅಂಕಿಗಳು ಒಂದರ ಮೇಲೊಂದು ಅಚ್ಚಾಗಿದ್ದವು. ಮುನ್ನೂರೋ ಹನ್ನೆರಡೋ ತಿಳಿಯಲಿಲ್ಲ. ಎಡಕ್ಕೆ ಇಟ್ಟರೆ ಎರಡು ಪಾಯಿಂಟ್ ನಾಲ್ಕು. ಯಾವುದನ್ನು ನಂಬಬೇಕು? ಕನ್ನಡಕ ಒರೆಸಿಕೊಂಡು ಗೆರೆ ಎಣಿಸಿದೆ. ಎರಡೇ. ಅಳತೆ ಮೂರಿವೆಯಲ್ಲ, ಇನ್ನೊಂದು ಎಲ್ಲಿ ಹೋಯಿತು?

“ಅಂಕಿ ಯಾಕಮ್ಮ ಹಿಂಗೆ ಒಂದರ ಮೇಲೊಂದು ಕೂತಿವೆ?”

“ಇನ್ನೊಂದು ಅಕ್ಷ ಸೇರಿಸೋಕೆ ಕೋಡ್‌ನಲ್ಲಿ ಟ್ವಿನ್‌ಎಕ್ಸ್ ಅಂತ ಎರಡ್ ಸಲ ಕೊಟ್ಟಿದೀನಿ ಸಾರ್. ಎರಡನೇದೂ ಅದೇ ಬಲಗಡೆ ಅಂಚಿಗೇ ಬಂದು ಕೂರುತ್ತೆ. ಸ್ವಲ್ಪ ಆಚೆಗೆ ತಳ್ಳಬೇಕಿತ್ತು. ಬಣ್ಣದಲ್ಲಿ ಗೊತ್ತಾಗುತ್ತೆ ಅಂತ ಬಿಟ್ಟೆ.”

“ಹಂಗಾದ್ರೆ ಬಣ್ಣದ್ದೇ ಫೈಲಿಗೆ ಹಾಕಬೇಕಿತ್ತು.”

“ಕಪ್ಪು-ಬಿಳುಪೇ ಇರ್ಬೇಕು, ದೂರಿನ ಟೈಮಷ್ಟೇ ಇರ್ಬೇಕು ಅಂತ ನೀವೇ ಅಲ್ವಾ ಸಾರ್ ಹೇಳಿದ್ದು?”

ಹೌದು, ನಾನೇ. ಮೂವತ್ತು ವರ್ಷ ಹಾಗೇ ಫೈಲು ಕಟ್ಟಿಸಿದವನು. ಗಂಗಾಧರನ ಕಡೆ ತಿರುಗಿ, ಮೇಲಿನ ಗೆರೆ ವೋಲ್ಟೇಜ್ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ವೋಲ್ಟೇಜೇ ದೊಡ್ ನಂಬರ್ ಅಲ್ವಾ ಸಾರ್? ದೊಡ್ಡದು ಮೇಲೇ ತಾನೇ ಇರೋದು.”

ನನಗೂ ಹಾಗೇ ಅನ್ನಿಸಿತ್ತು. ಹತ್ತು ನಿಮಿಷ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ, ನೋಡಿದಷ್ಟೂ ಗೊಂದಲ. ಕೊನೆಗೆ ಅಂಕಿ ಬಿಟ್ಟು ಗೆರೆಯ ನಡೆಯನ್ನು ನೋಡಿದೆ. ಕರೆಂಟ್ ಹೋದರೆ ಒಂದೇ ಏಟಿಗೆ ಹೋಗುತ್ತದೆ. ಎರಡೂವರೆ ಗಂಟೆ ಹೊತ್ತು ನಿಧಾನವಾಗಿ ಸೊನ್ನೆಗೆ ಇಳಿಯುವುದು ನೀರು.

“ಶೋಭಾ, ಇಡೀ ದಿನದ್ದು ಹಾಕಮ್ಮ. ಆ ಅಕ್ಷಾನ ಆಚೆಗೆ ತಳ್ಳು. ಒಂದು ಪೂರ್ತಿ ಗೆರೆ, ಒಂದು ತುಂಡು ಗೆರೆ, ಒಂದು ಚುಕ್ಕಿ ಗೆರೆ ಇರ್ಲಿ.”

ಮೂರೂ ಇಪ್ಪತ್ತಕ್ಕೆ ಹೊಸ ಗ್ರಾಫ್ ಬಂತು. ಇಳಿದು ಬಂದದ್ದು ಟ್ಯಾಂಕಿನ ಮಟ್ಟ. ಸೊನ್ನೆಯಲ್ಲಿ ಮಲಗಿದ್ದವು ಎರಡು ಗೆರೆಗಳು, ವೋಲ್ಟೇಜ್ ಮತ್ತು ಆಂಪ್ಸ್, ಒಂದರ ಮೇಲೊಂದು. ಹತ್ತೂ ಕಾಲಿಗೆ ವೋಲ್ಟೇಜ್ ಎದ್ದಿತ್ತು, ಹತ್ತೂವರೆಗೆ ಆಂಪ್ಸ್, ಅದರ ಹಿಂದೆ ನೀರು.

“ಏನಪ್ಪಾ ಹನುಮಂತಯ್ಯ, ಆವತ್ತು ಎಷ್ಟೊತ್ತಿಗೆ ಪಂಪ್ ಹಾಕ್ದೆ?”

“ಹತ್ತೂ ಕಾಲಿಗೆ ಕರೆಂಟ್ ಬಂತು ಸಾ. ನಿಲ್ತದೋ ಇಲ್ವೋ ಅಂತ ಒಂದ್ ಹತ್ ನಿಮ್ಷ ನೋಡ್ದೆ. ಆಮೇಲ್ ಹಾಕ್ದೆ.”

“ಟೈಮ್ ಸಮೇತ ಮೊದಲೇ ಹೇಳೋದಲ್ವಾ?”

“ಯಾಕ್ ಹಾಕ್ಲಿಲ್ಲ ಅಂತ ಎಲ್ರೂ ಕೇಳುದ್ರಿ. ಯಾವಾಗ್ ಹಾಕ್ದೆ ಅಂತ ಯಾರೂ ಕೇಳ್ಲಿಲ್ಲ ಬುಡಿ.”

ಗಂಗಾಧರ ತಾನು ಕುಳಿತಿದ್ದ ಕುರ್ಚಿಯನ್ನು ಆತನ ಕಡೆಗೆ ಸರಿಸಿದ. ಹನುಮಂತಯ್ಯ ಕೂರಲಿಲ್ಲ, ಸಂಜೆಯ ನೀರು ಬಿಡಬೇಕೆಂದು ಹೊರಟುಬಿಟ್ಟ.

ಗೆರೆ ಎಷ್ಟು ಎತ್ತರದಲ್ಲಿದೆ ಎನ್ನುವುದಕ್ಕೆ ಮೊದಲು ಅದು ಯಾವ ಅಕ್ಷಕ್ಕೆ ಸೇರಿದ್ದು ಎಂದು ಕೇಳಬೇಕು. ಅದಕ್ಕೂ ಮೊದಲು ಪಂಪ್ ಹಾಕಿದವನನ್ನು ಕೇಳಬೇಕು. ಇಷ್ಟನ್ನು ಕಲಿಯಲು ನನಗೆ ನಿವೃತ್ತಿಯ ನಂತರದ ಒಂದು ಮಧ್ಯಾಹ್ನ ಬೇಕಾಯಿತು. ನಾಲ್ಕೂ ಐವತ್ತಕ್ಕೆ ಹೊಸ ವರದಿಗೆ ಸಹಿ ಮಾಡಿದೆ. ಹಳೆಯ ಜೆರಾಕ್ಸನ್ನು ಹರಿಯಲಿಲ್ಲ. ಅದರ ಮೇಲೆ ‘ಇದನ್ನು ನಾನು ತಪ್ಪಾಗಿ ಓದಿದೆ’ ಎಂದು ಬರೆದು, ತಾರೀಖು ಹಾಕಿ, ಫೈಲಿನಲ್ಲೇ ಸೇರಿಸಿ ದಾರ ಕಟ್ಟಿದೆ.